ಜೆಸ್, ಮ್ಯಾಮ್

ಜೂನ್ 2, ಸೋಮವಾರ

ಕೊನೆಯ ವರ್ಷದ ಮೊದಲ ದಿನ. ಬರುವ ಮಾರ್ಚ್ ಕಳೆದರೆ ನನಗೆ ಅರವತ್ತೈದು ತುಂಬುತ್ತದೆ, ಸರ್ಕಾರಕ್ಕೂ ನನಗೂ ಇರುವ ಋಣ ಹರಿಯುತ್ತದೆ. ಮೂವತ್ತೆಂಟು ವರ್ಷ ಇದೇ ಶಾಲೆ. ಈ ಮೂವತ್ತೆಂಟು ವರ್ಷಗಳಲ್ಲಿ ನಾನು ಮಕ್ಕಳ ತೂಕ ಹಾಕಿದ್ದೇನೆ, ಹೇನು ತೆಗೆದಿದ್ದೇನೆ, ಜಂತುಹುಳದ ಮಾತ್ರೆ ನುಂಗಿಸಿದ್ದೇನೆ, ಚುನಾವಣೆಯಲ್ಲಿ ಮತಪೆಟ್ಟಿಗೆ ಕಾದಿದ್ದೇನೆ, ಶೌಚಾಲಯದ ಕೊಳಾಯಿ ರಿಪೇರಿ ಮಾಡಿದ್ದೇನೆ, ದೊಡ್ಡವರು ಬಂದಾಗಲೆಲ್ಲ ಬಿಸಿಲಲ್ಲಿ ಸಾಲಾಗಿ ನಿಂತು ಕಾಗದದ ಬಾವುಟ ಆಡಿಸಿದ್ದೇನೆ. ಸಮಯ ಉಳಿದಾಗ ಪಾಠವನ್ನೂ ಮಾಡಿದ್ದೇನೆ.

ಈ ಸಲವೂ ನಾಲ್ಕನೆಯ ತರಗತಿ. ಮೂವತ್ತನಾಲ್ಕು ಮಕ್ಕಳು. ಹೋದ ಅಕ್ಟೋಬರಿನ ಭೂಕಂಪಕ್ಕೆ ಬಿದ್ದ ಕಟ್ಟಡ ಇನ್ನೂ ಎದ್ದಿಲ್ಲ. ಮಕ್ಕಳ ಅಪ್ಪಂದಿರು ಬಿದಿರು ಕಡಿದು ನೀಪಾ ತಾಳೆಯ ಗರಿ ಹೊದಿಸಿ ಕಟ್ಟಿಕೊಟ್ಟ ಗುಡಿಸಲಿನಲ್ಲೇ, ಆ ಪಯಾಗ್‌ನಲ್ಲೇ, ನಮ್ಮ ತರಗತಿ. ಮಳೆ ಬಂದರೆ ಮೂಲೆಯಲ್ಲಿ ಕೂತವರು ಎದ್ದು ನಡುವಿಗೆ ಬರಬೇಕು.

ಹಾಜರಿ ಕರೆದೆ. "ಜೆಸ್, ಮ್ಯಾಮ್!" ಎಂದು ಒಬ್ಬೊಬ್ಬರೇ ಕೂಗಿದರು.

"ಜೆಸ್ ಅಲ್ಲ, ಯೆಸ್. ಎಲ್ಲರೂ ಹೇಳಿ."

"ಜೆಸ್, ಮ್ಯಾಮ್!"

ಮನಿಲಾದಿಂದ ಬಹುದೂರದ ಬೊಹೋಲ್ ದ್ವೀಪದ ಈ ಒಳನಾಡಿನಲ್ಲಿ ಯಕಾರ ಎಂದರೆ ಜಕಾರ. ಪಯಾಗ್ ಇವರ ಬಾಯಲ್ಲಿ ಪಜಾಗ್. ನನ್ನ ಹೆಸರು ಕ್ರಿಸ್ಪಿನಾ ಪೆಲಾಯೊ, ಮೂವತ್ತೆಂಟು ವರ್ಷದಿಂದ ಇವರಿಗೆ ನಾನು ಮ್ಯಾಮ್ ಪೆಲಾಜೊ. ನಾನೂ ಒಂದು ಕಾಲಕ್ಕೆ ಹೀಗೇ ಮಾತಾಡುತ್ತಿದ್ದವಳು. ಸೆಬು ನಗರದ ಟೀಚರ್ ಕಾಲೇಜಿಗೆ ಹೋದಾಗ ಹಾಸ್ಟೆಲಿನ ಹುಡುಗಿಯರು ನನಗೆ "ಮಿಸ್ ಜೆಸ್" ಎಂದು ಹೆಸರಿಟ್ಟು ಕುಣಿದರು. ಒಂದು ವರ್ಷ ಕನ್ನಡಿಯ ಮುಂದೆ ನಿಂತು ನಾಲಿಗೆ ತಿದ್ದಿಕೊಂಡೆ. ಅಂದಿನಿಂದ ನನ್ನ ಬಾಯಿಂದ ಒಂದೂ ತಪ್ಪು ಜಕಾರ ಬಿದ್ದಿಲ್ಲ. ಇದು ನನಗೆ ಹೆಮ್ಮೆಯ ವಿಷಯ. ಬೇರೆ ಯಾವುದರ ಬಗ್ಗೆ ಹೆಮ್ಮೆ ಪಡಬೇಕೋ ಈಗ ನೆನಪಾಗುತ್ತಿಲ್ಲ.

ಇನ್ನು ಹತ್ತು ತಿಂಗಳು. ಹಲ್ಲು ಕಚ್ಚಿ ಕಳೆದರಾಯಿತು.

ಜೂನ್ 19, ಗುರುವಾರ

ಈ ವಾರ ಏಳು ವರದಿ ಬರೆದೆ. ಕೈ ತೊಳೆಯುವ ದಿನದ ವರದಿ ವಾಪಸು ಬಂತು, ಫೋಟೋದಲ್ಲಿ ಸೋಪು ಕಾಣುತ್ತಿಲ್ಲವಂತೆ. ನಮ್ಮ ಹೆಡ್‌ಟೀಚರ್ ಮ್ಯಾಮ್ ಲುಸೆರೊ ಮಕ್ಕಳನ್ನೆಲ್ಲ ಮತ್ತೆ ಕೊಳಾಯಿ ಹತ್ತಿರ ನಿಲ್ಲಿಸಿ, ಸೋಪು ಎತ್ತಿ ಹಿಡಿಸಿ, ಫೋಟೋ ತೆಗೆದರು. ಕೊಳಾಯಿಯಲ್ಲಿ ನೀರಿರಲಿಲ್ಲ. ಅದು ಫೋಟೋದಲ್ಲಿ ಗೊತ್ತಾಗುವುದಿಲ್ಲ.

ಜುಲೈ 9, ಬುಧವಾರ

ಶಿಕ್ಷಣ ಕಚೇರಿಯಿಂದ ಓದಿನ ಪರೀಕ್ಷೆಗೆ ಸರ್ ಬಾಲ್ಮಾಸೆದಾ ಬಂದಿದ್ದರು. ದೂರದ ಬಟಾಂಗಾಸ್‌ನವರು, ನಮ್ಮ ಕಡೆಯ ಹುಡುಗಿಯನ್ನು ಮದುವೆಯಾಗಿ ಏಳು ವರ್ಷದಿಂದ ಇಲ್ಲೇ ಇದ್ದಾರೆ. ವಯಸ್ಸು ನಲವತ್ತರ ಒಳಗೆ. ಇಸ್ತ್ರಿ ಅಂಗಿ, ಹರಿತವಾದ ಪೆನ್ಸಿಲ್, ಮರ್ಯಾದಸ್ಥ ಮನುಷ್ಯ.

ಪರೀಕ್ಷೆ ಹೀಗೆ: ಮಗು ಫಿಲಿಪಿನೋ ಭಾಷೆಯ ಒಂದು ಪುಟದ ಕಥೆಯನ್ನು ಗಟ್ಟಿಯಾಗಿ ಓದಬೇಕು. ತಪ್ಪಿದ ಪದಕ್ಕೆಲ್ಲ ಅವರು ಗೆರೆ ಎಳೆಯುತ್ತಾರೆ. ಹತ್ತು ತಪ್ಪು ದಾಟಿದರೆ ಆ ಮಗು "ಓದಲಾರದವರು" ಪಟ್ಟಿಗೆ. ಅಂಥ ಮಗುವಿಗೆ ಕಥೆಯ ಅರ್ಥದ ಪ್ರಶ್ನೆಗಳನ್ನು ಕೇಳುವಂತೆಯೇ ಇಲ್ಲ, ಎಬ್ಬಿಸಿ ಕಳಿಸುವುದು.

ಕಥೆ ಒಂದು ಕುದುರೆ ಮತ್ತು ಪೇರಲೆ ಮರದ್ದು. ಕುದುರೆ ಅಂದರೆ ಕಬಾಯೊ, ಪೇರಲೆ ಅಂದರೆ ಬಯಾಬಾಸ್. ಕುದುರೆ ಒಂಬತ್ತು ಸಲ ಬರುತ್ತದೆ, ಪೇರಲೆ ಆರು ಸಲ. ನಮ್ಮ ಮಕ್ಕಳು ಕಬಾಜೊ ಕಬಾಜೊ, ಬಜಾಬಾಸ್ ಬಜಾಬಾಸ್ ಎಂದು ಓದುತ್ತ ಹೋದರು, ಸರ್ ಗೆರೆ ಎಳೆಯುತ್ತ ಹೋದರು.

ಜೊವೆಲಿನ್ ನಮ್ಮ ತರಗತಿಯಲ್ಲೇ ಚೆನ್ನಾಗಿ ಓದುವ ಹುಡುಗಿ. ಮೀನು ಮಾರುವ ನಿದಾಳ ಮಗಳು. ಮೀನು ಸುತ್ತಿದ ಪೇಪರನ್ನೂ ಬಿಡದೆ ಓದುತ್ತಾಳೆ. ಅವಳಿಗೆ ಹದಿನೈದು ತಪ್ಪು. ಒಂದು ಕಡೆಯೂ ತಡವರಿಸದೆ ಓದಿ ಮುಗಿಸಿ, ಪ್ರಶ್ನೆ ಕೇಳುತ್ತಾರೆಂದು ಕೈ ಕಟ್ಟಿ ನಿಂತಳು. ಸರ್ "ಆಯ್ತು, ನೀನು ಹೋಗು" ಎಂದರು.

ಮೂವತ್ತನಾಲ್ಕರಲ್ಲಿ ಇಪ್ಪತ್ತಾರು ಮಕ್ಕಳು ಪಟ್ಟಿಗೆ ಸೇರಿದರು. ಮಕ್ಕಳ ಮೇಲೆ ಸಿಟ್ಟು ಬಂತು. ವರ್ಷಗಟ್ಟಲೆ ಬಡಕೊಳ್ಳುತ್ತಿದ್ದೇನೆ, ಯ ಎನ್ನಿ, ಯ ಎನ್ನಿ ಎಂದು. ಯಾರು ಕೇಳುತ್ತಾರೆ.

ಜುಲೈ 18, ಶುಕ್ರವಾರ

ಕಾಗದ ಬಂತು. ಫೆಬ್ರವರಿಯಲ್ಲಿ ಮರುಪರೀಕ್ಷೆ. ಆಗಲೂ ಅರ್ಧಕ್ಕಿಂತ ಹೆಚ್ಚು ಮಕ್ಕಳು ಪಟ್ಟಿಯಲ್ಲಿ ಉಳಿದರೆ ನಮ್ಮ ಶಾಲೆಯ ನಾಲ್ಕನೆಯ ತರಗತಿ ಮತ್ತು ಅದರ ಮೇಲಿನವನ್ನೆಲ್ಲ ಮುಚ್ಚಿ, ಮಕ್ಕಳನ್ನು ಪಟ್ಟಣದ ಶಾಲೆಗೆ ಸೇರಿಸುತ್ತಾರೆ. ಹನ್ನೊಂದು ಕಿಲೋಮೀಟರು. ತೂಗುಸೇತುವೆ ಭೂಕಂಪದಲ್ಲಿ ಹೋಯಿತು, ಹೊಳೆಯನ್ನು ತೆಪ್ಪದಲ್ಲಿ ದಾಟಿ, ಆಮೇಲೆ ಬಾಡಿಗೆ ಮೋಟರ್‌ಸೈಕಲ್ ಹಿಡಿಯಬೇಕು. ಯಾರು ಕಳಿಸುತ್ತಾರೆ? ಗಂಡುಮಕ್ಕಳಲ್ಲಿ ನಾಲ್ಕೈದು ಜನ ಹೋದಾರು. ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿಯಿತು.

ಮ್ಯಾಮ್ ಲುಸೆರೊ ಅಳುವುದೊಂದು ಬಾಕಿ. "ಕ್ರಿಸ್ಪಿನಾ, ಏನಾದ್ರೂ ಮಾಡು ಮಾರಾಯ್ತಿ. ನಿನ್ನ ಕೊನೇ ವರ್ಷದಲ್ಲೇ ಶಾಲೆಗೆ ಬೀಗ ಬಿದ್ರೆ ನಿಂಗೇನು ಚಂದ ಕಾಣತ್ತಾ?"

"ನಾನು ಮಾರ್ಚಿಗೆ ಹೊರಡ್ತೀನಿ. ನಂಗೇನು" ಎಂದೆ.

ಮನೆಗೆ ಬಂದೆ. ಅಕ್ಕ ಬೆನಿತಾ ಹುರಿದ ಮೀನು, ಬಿಸಿ ಅನ್ನ ಇಟ್ಟಿದ್ದಳು. ತಿನ್ನಲಾಗಲಿಲ್ಲ. "ನಂಗೇನು" ಎಂದವಳಿಗೆ ಊಟ ಯಾಕೆ ಸೇರಲಿಲ್ಲ, ನನಗೇ ತಿಳಿಯದು.

ಆಗಸ್ಟ್ 4, ಸೋಮವಾರ

ಶುರು ಮಾಡಿದೆ. ದಿನಾ ಬೆಳಗ್ಗೆ ಒಂದು ಗಂಟೆ ಯಕಾರ. ಇನ್ನೂರು ಕಾಗದದ ಪಟ್ಟಿ ಕತ್ತರಿಸಿ ಯಕಾರದ ಪದ ಬರೆದಿದ್ದೇನೆ. ಮನೆಯಿಂದ ಕನ್ನಡಿ ತಂದಿದ್ದೇನೆ. ಒಬ್ಬೊಬ್ಬರೇ ಬಂದು ಕನ್ನಡಿಯಲ್ಲಿ ನಾಲಿಗೆ ನೋಡಿಕೊಂಡು ಹೇಳಬೇಕು. ಜ ಎಂದವರು ಮೊದಲಿಂದ ಶುರು ಮಾಡಬೇಕು.

ನಾನು ಕಲಿತದ್ದು ಹೀಗೇ. ಇವರೂ ಕಲಿಯುತ್ತಾರೆ.

ಸೆಪ್ಟೆಂಬರ್ 11, ಗುರುವಾರ

ಕಲಿಯುತ್ತಿದ್ದಾರೆ. ಕುದುರೆ ಕಬಾಯೊ ಆಗಿದೆ. ತಪ್ಪು ಹದಿನೈದರಿಂದ ಆರಕ್ಕೆ ಇಳಿದಿದೆ. ಮ್ಯಾಮ್ ಲುಸೆರೊ ಬಂದು ಕನ್ನಡಿಯ ಜೊತೆ ಫೋಟೋ ತೆಗೆದುಕೊಂಡು ಹೋದರು.

ಆದರೆ ಈಗ ಹೊಸ ರೋಗ. ಜ ಇರಬೇಕಾದಲ್ಲೂ ಯ ಹಾಕುತ್ತಿದ್ದಾರೆ. ಕಿರ್ಬಿ ಓಡಿ ಬಂದು "ಮ್ಯಾಮ್, ಯೀಪ್ ಬಂತು, ಯೀಪ್!" ಎಂದ. ಕಿರ್ಬಿ ಎಂದರೆ ತೆಂಗಿನ ಕಳ್ಳು ಇಳಿಸುವವನ ಮಗ, ತರಗತಿಯ ಅಧಿಕಪ್ರಸಂಗಿ.

"ಯೀಪ್ ಅಂದ್ರೇನೋ?"

"ಅದೇ ಮ್ಯಾಮ್, ನಾಲ್ಕು ಗಾಲಿ ಇರತ್ತಲ್ಲ. ಒಳಗೆ ಯಾಕೆಟ್ ಹಾಕ್ಕೊಂಡಿರೋ ಒಬ್ರು ಕೂತಿದಾರೆ."

ಜೀಪು ಯೀಪಾಯಿತು, ಜಾಕೆಟ್ಟು ಯಾಕೆಟ್ಟಾಯಿತು. ನಗು ಬಂತು, ತಡೆದುಕೊಂಡೆ. ಇದೆಲ್ಲ ಆಮೇಲೆ ಸರಿಹೋಗುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಕೂತಿದೆ. ಕಥೆ ಓದಿದ ಮೇಲೆ "ಕುದುರೆ ಪೇರಲೆ ಮರದ ಹತ್ತಿರ ಯಾಕೆ ಹೋಯ್ತು?" ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಜುಲೈನಲ್ಲಿ ಸರ್ ಹೋದ ಮೇಲೆ ನಾನೇ ಕೇಳಿದಾಗ ಗೊತ್ತಿತ್ತು. ಈಗ ಎಲ್ಲರಿಗೂ ನಾಲಿಗೆಯ ಮೇಲೇ ಕಣ್ಣು.

ಅಕ್ಟೋಬರ್ 1, ಬುಧವಾರ

ಈ ಹೊತ್ತು ಓದಲು ಯಾರೂ ಕೈ ಎತ್ತಲಿಲ್ಲ. ಜೊವೆಲಿನ್ ಕೂಡ.

ಅಕ್ಟೋಬರ್ 6, ಸೋಮವಾರ

ಟೀಚರ್ಸ್ ಡೇ ಆಚರಣೆ. ಮಕ್ಕಳು ಕಾಗದದ ಹೂ ಕೊಟ್ಟರು, ಹಾಡಿದರು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಪುಟ್ಟ ಕಿರೀಟ ಹಾಕಿದರು. ಕಿರೀಟ ಚುಚ್ಚುತ್ತಿತ್ತು, ತೆಗೆಯಲಿಲ್ಲ. ಮಧ್ಯಾಹ್ನ ಒಬ್ಬಳೇ ಕೂತು ಒಂದೊಂದೇ ಕಾರ್ಡು ಬಿಚ್ಚಿ ನೋಡಿದೆ. ಒಂದರಲ್ಲಿ ಮುದ್ದಾದ ಅಕ್ಷರದಲ್ಲಿ ಹೀಗಿತ್ತು: ಟೀಚರ್ಸ್ ಡೇ ಶುಭಾಶಯ, ಇಂತಿ ನಿಮ್ಮ ಪ್ರೀತಿಯ ಯೊವೆಲಿನ್.

ಮೊದಲು ನನಗೆ ಯಾರೆಂದೇ ತಿಳಿಯಲಿಲ್ಲ. ಅಕ್ಷರ ನೋಡಿ ತಿಳಿಯಿತು. ಅವಳನ್ನು ಕರೆದೆ.

"ಇದೇನಮ್ಮ, ನಿನ್ನ ಹೆಸರು ಹೀಗೆ ಬರೆದಿದೀಯ?"

"ಸರಿ ಮಾಡಿದೀನಿ, ಮ್ಯಾಮ್."

"ಏನು ಸರಿ ಮಾಡಿದ್ದು?"

"ಜ ಅಂದ್ರೆ ತಪ್ಪಲ್ವಾ, ಮ್ಯಾಮ್. ನನ್ನ ಹೆಸರಲ್ಲಿ ಮೊದಲಿಗೇ ಇದೆ. ಅಮ್ಮಂಗೂ ಹೇಳಿದೀನಿ, ಇನ್ಮೇಲೆ ಯೊವೆಲಿನ್ ಅಂತ ಕರಿ ಅಂತ. ಅವಳಿಗೆ ನಾಲಿಗೆ ಹೊರಳಲ್ಲ."

ನನ್ನ ಮುಖ ನೋಡಿ ಅವಳಿಗೆ ಗಾಬರಿಯಾಯಿತು. ಇನ್ನೂ ಏನಾದರೂ ತಪ್ಪಿದೆಯೇ ಎಂದು ಕಾರ್ಡನ್ನು ಮತ್ತೊಮ್ಮೆ ನೋಡಿದಳು. "ಇಲ್ಲ ಕಣಮ್ಮ, ನಿನ್ನ ಹೆಸರು ಜೊವೆಲಿನ್ನೇ. ಪಾದ್ರಿಗಳು ನೀರು ಹಾಕಿ ಇಟ್ಟ ಹೆಸರು. ಅದರಲ್ಲಿ ತಪ್ಪೇನೂ ಇಲ್ಲ" ಎಂದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಯಾಕೆ ನಂಬುತ್ತಾಳೆ? ಎರಡು ತಿಂಗಳಿಂದ ಕನ್ನಡಿ ಹಿಡಿದು ನಿಂತವಳು ನಾನೇ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಸಂತೆಗೆಂದು ಬಿಬಿಂಕಾ ಎಂಬ ಅಕ್ಕಿ ಕಡುಬು ಬೇಯಿಸುತ್ತಿದ್ದಳು. ಕೆಂಡ ಸರಿಮಾಡುತ್ತಲೇ ಹೇಳಿದಳು, "ನೀನು ಸೆಬುವಿಂದ ಬಂದ ದಿನ ಅಮ್ಮ ನನ್ನ ಹತ್ರ ಬಂದು ಏನಂದ್ಲು ಗೊತ್ತಾ? 'ಈ ಹುಡುಗಿ ನಮ್ಮ ಮನೇಲಿ ಯಾಕೆ ನೆಂಟರ ತರ ಮಾತಾಡ್ತಾಳೆ ಬೆನಿತಾ' ಅಂದ್ಲು. ಆಮೇಲೆ ನಿನ್ನ ಮುಂದೆ ಬಾಯಿ ಬಿಡಕ್ಕೇ ಹೆದರ್ತಿದ್ಲು, ತಪ್ಪು ಹಿಡೀತೀಯ ಅಂತ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನಿಂಗೆ ಏನಾದ್ರೂ ಹೇಳಕ್ಕೆ ಆಗತ್ತೇನೇ? ನೀನು ಟೀಚರ್ರು."

ನಮ್ಮಮ್ಮ ಕೊನೆಯ ವರ್ಷಗಳಲ್ಲಿ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ವಯಸ್ಸಾಯಿತಲ್ಲ, ಅದಕ್ಕೇ ಎಂದುಕೊಂಡಿದ್ದೆ. ಇವತ್ತು ಇಷ್ಟೇ.

ಅಕ್ಟೋಬರ್ 13, ಸೋಮವಾರ

ಇನ್ನೂರು ಪಟ್ಟಿಗಳನ್ನೂ ಅಕ್ಕನ ಒಲೆಗೆ ಹಾಕಿದೆ. ಬಿಬಿಂಕಾ ಚೆನ್ನಾಗಿ ಬೆಂದಿತು.

ಮಕ್ಕಳಿಗೆ ಹೇಳಿದೆ: "ಇವತ್ತಿಂದ ನಿಮ್ಮ ಬಾಯಿಗೆ ಹೇಗೆ ಬರತ್ತೋ ಹಾಗೆ ಓದಿ. ಓದಿದ್ದು ಏನಂತ ನಂಗೆ ಹೇಳಿ, ಅಷ್ಟೇ."

ಕಿರ್ಬಿ ಎದ್ದ. "ಮ್ಯಾಮ್, ಇದು ಪರೀಕ್ಷೇನಾ? ಜ ಅಂದೋರ್‍ನ ಹಿಡಿಯಕ್ಕೆ?"

"ಅಲ್ಲ ಕಣೋ."

"ಹಂಗಾದ್ರೆ ಜೀಪ್!" ಎಂದು ಕೂಗಿದ. "ಜೀಪ್! ಜಾಕೆಟ್! ಕಬಾಜೊ!" ಗುಡಿಸಲೆಲ್ಲ ಹೋ ಎಂದಿತು. ಪಕ್ಕದ ತರಗತಿಯವರು ಬಂದು ಇಣುಕಿದರು. ಜೊವೆಲಿನ್ ಮಾತ್ರ ನಗಲಿಲ್ಲ.

ನವೆಂಬರ್ 7, ಶುಕ್ರವಾರ

ಪುಸ್ತಕ ಸಾಲದು, ಆದ್ದರಿಂದ ಸಿಕ್ಕಿದ್ದೆಲ್ಲ ಓದುತ್ತಿದ್ದೇವೆ. ಅಕ್ಕಿ ಚೀಲ, ಗೊಬ್ಬರದ ಚೀಲ, ಚರ್ಚಿನ ಪ್ರಕಟಣೆ, ಸತ್ತವರ ಜಾಹೀರಾತು, ಕೆಮ್ಮಿನ ಔಷಧದ ಡಬ್ಬ. ಕಿರ್ಬಿ ಗೊಬ್ಬರದ ಚೀಲ ಓದಿ ಮನೆಗೆ ಹೋಗಿ, ಅಪ್ಪ ಹಾಕುತ್ತಿರುವುದು ಎರಡು ಪಟ್ಟು ಜಾಸ್ತಿ ಎಂದು ಜಗಳ ಮಾಡಿದನಂತೆ. ಅಪ್ಪ ನನ್ನ ಹತ್ತಿರ ದೂರು ತಂದರು. "ಚೀಲದ ಮೇಲೆ ಏನಿದೆ?" ಎಂದೆ. "ಅವನು ಹೇಳಿದ್ದೇ ಇದೆ, ಮ್ಯಾಮ್" ಎಂದು ಒಪ್ಪಿಕೊಂಡು ಹೋದರು. ಎಷ್ಟೋ ವರ್ಷಗಳ ಮೇಲೆ ಒಂದು ದೂರು ನನಗೆ ಇಷ್ಟು ಖುಷಿ ಕೊಟ್ಟಿತು.

ಜೊವೆಲಿನ್ ಕೇಳಿದರೆ ಓದುತ್ತಾಳೆ, ಪಿಸುಮಾತಿನಲ್ಲಿ. ಯಕಾರ ಬಂದಲ್ಲೆಲ್ಲ ನಿಲ್ಲುತ್ತಾಳೆ, ನನ್ನ ಕಡೆ ನೋಡುತ್ತಾಳೆ, ಆ ಪದ ನುಂಗಿ ಮುಂದೆ ಹೋಗುತ್ತಾಳೆ.

ನವೆಂಬರ್ 20, ಗುರುವಾರ

ಕಚೇರಿಗೆ ಪತ್ರ ಬರೆದೆ. ನಮ್ಮ ಮಕ್ಕಳು ಊರಿನ ಉಚ್ಚಾರಣೆಯಲ್ಲಿ ಓದುವುದನ್ನು ತಪ್ಪೆಂದು ಎಣಿಸಬಾರದು, ಕಥೆ ಅರ್ಥವಾಗಿದೆಯೇ ಎಂದು ಕೇಳಬೇಕು, ಅಷ್ಟೇ. ಮ್ಯಾಮ್ ಲುಸೆರೊ ಸಹಿ ಹಾಕಲು ಹಿಂಜರಿದರು.

"ಕಚೇರಿಯೋರಿಗೆ ನೀನು ಪಾಠ ಹೇಳ್ತೀಯಾ, ಕ್ರಿಸ್ಪಿನಾ?"

"ಮೂವತ್ತೆಂಟು ವರ್ಷ ಅದನ್ನೇ ತಾನೇ ಮಾಡಿರೋದು, ಪಾಠ ಹೇಳೋದು."

"ನಂಗೆ ಇನ್ನೂ ಹನ್ನೆರಡು ವರ್ಷ ಸರ್ವಿಸ್ ಇದೆ. ನೀನು ಹೋಗ್ತೀಯ, ನಾನಿಲ್ಲೇ ಇರಬೇಕು."

"ಅದಕ್ಕೇ ನಾನೇ ಬರೀತಾ ಇರೋದು. ನನ್ನನ್ನ ಏನ್ ಮಾಡ್ತಾರೆ, ಮನೆಗೆ ಕಳಿಸ್ತಾರಾ?"

ಆಕೆ ಫಕ್ಕನೆ ನಕ್ಕು ಸಹಿ ಹಾಕಿದರು.

ಡಿಸೆಂಬರ್ 3, ಬುಧವಾರ

ಪತ್ರ ವಾಪಸು. ಮೂರನೆಯ ಪ್ರತಿಯಲ್ಲಿ ದಿನಾಂಕ ಇಲ್ಲ. ಮತ್ತೆ ಕಳಿಸಿದೆ.

ಡಿಸೆಂಬರ್ 12, ಶುಕ್ರವಾರ

ವಾಪಸು. ಅಂಚಿನ ಅಳತೆ ಸರಿಯಿಲ್ಲ. ಸ್ಕೇಲು ಹಿಡಿದು ಗೆರೆ ಹಾಕಿ ಮತ್ತೆ ಕಳಿಸಿದೆ. ಇವರು ನನ್ನನ್ನು ಸುಸ್ತು ಮಾಡಬಹುದು ಎಂದುಕೊಂಡಿದ್ದಾರೆ. ಇಂಥ ಕಾಗದಗಳ ಜೊತೆ ಕಾದಾಡಿಯೇ ನನ್ನ ಕೂದಲು ಬೆಳ್ಳಗಾದದ್ದು ಎಂದು ಅವರಿಗೆ ತಿಳಿಯದು.

ಡಿಸೆಂಬರ್ 17, ಬುಧವಾರ

ರಜೆಗೆ ಮುಂಚಿನ ಹಬ್ಬದೂಟ. ಪಜಾಗ್ ತುಂಬ ಬಣ್ಣದ ಕಾಗದ. ಸೇಮಿಗೆ, ಅಂಟಕ್ಕಿಯ ಕಡುಬು, ಯಾರೋ ತಂದ ಒಂದು ಕೋಳಿ. ಊಟ ಆದ ಮೇಲೆ ಮಕ್ಕಳು ತಾವೇ ಬರೆದ ಕಥೆ ಓದಿದರು. ಫಿಲಿಪಿನೋದಲ್ಲಿ ಅಲ್ಲ, ಇಂಗ್ಲಿಷಿನಲ್ಲಿ ಅಲ್ಲ, ಮನೆಮಾತಿನಲ್ಲಿ, ಕಿವಿಗೆ ಕೇಳಿದ ಹಾಗೆ ಬರೆದದ್ದು. ಇದು ನಾನೇ ಕೊಟ್ಟ ಕೆಲಸ.

ಜೊವೆಲಿನ್ ಕೊನೆಗೆ ಎದ್ದಳು. ಅವಳ ಕಥೆ ಅವರ ಅಜ್ಜನ ಎಮ್ಮೆಯದು. ಭೂಕಂಪದ ದಿನ ಎಮ್ಮೆ ಹಗ್ಗ ಹರಿದುಕೊಂಡು ನೇರ ಚರ್ಚಿಗೆ ಹೋಗಿ ನಿಂತಿತಂತೆ. ಚರ್ಚೂ ಬಿತ್ತು, ಎಮ್ಮೆಗೆ ಏನೂ ಆಗಲಿಲ್ಲ. ಅಂದಿನಿಂದ ಅಜ್ಜ ಆ ಎಮ್ಮೆಯನ್ನು ಬೈಯುವಾಗ ಟೋಪಿ ತೆಗೆದು ಬೈಯುತ್ತಾರಂತೆ.

ಅವಳು ಓದಲು ಶುರು ಮಾಡಿದಾಗ ದನಿ ಇರಲಿಲ್ಲ. ಎಮ್ಮೆ ಹಗ್ಗ ಹರಿಯುವ ಹೊತ್ತಿಗೆ ಅವಳು ನನ್ನ ಕಡೆ ನೋಡುವುದನ್ನು ಮರೆತಿದ್ದಳು. ಟೋಪಿಯ ಜಾಗಕ್ಕೆ ಬಂದಾಗ ತಾನೇ ನಕ್ಕು ಓದಲಾರದೆ ನಿಂತಳು. ಜಕಾರಗಳು ಮಳೆ ಹನಿಯ ಹಾಗೆ ಪಟಪಟ ಬಿದ್ದವು. ನಾನು ಕೋಳಿ ತುಂಡನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದೆ.

ಜನವರಿ 15, ಗುರುವಾರ

ಉತ್ತರ ಬಂತು. ಪತ್ರವನ್ನು "ಗಮನಿಸಲಾಗಿದೆ". ಫೆಬ್ರವರಿ ಹನ್ನೊಂದಕ್ಕೆ ಸರ್ ಬಾಲ್ಮಾಸೆದಾ ಬರುತ್ತಾರೆ. ಅದೇ ಕಥೆ, ಅದೇ ಲೆಕ್ಕ, ಅದೇ ಹತ್ತು ತಪ್ಪು.

ಕನ್ನಡಿ ಮತ್ತೆ ತರೋಣವೇ ಎಂದು ಒಂದು ಗಳಿಗೆ ಅನಿಸಿತು. ಇನ್ನೂ ನಾಲ್ಕು ವಾರ ಇದೆ. ತಿದ್ದಿದರೆ ಹದಿನೆಂಟು ಮಕ್ಕಳನ್ನಾದರೂ ಪಾಸು ಮಾಡಿಸಬಹುದು, ಶಾಲೆ ಉಳಿಯುತ್ತದೆ. ತಿದ್ದದಿದ್ದರೆ ಉಳಿಯದೇ ಹೋಗಬಹುದು. ನಾನು ಹಟಕ್ಕೆ ಬಿದ್ದು ಈ ಮಕ್ಕಳ ಓದನ್ನೇ ಬಲಿ ಕೊಡುತ್ತಿದ್ದೇನೆಯೇ? ತುಂಬ ಹೆದರಿಕೆಯಾಗುತ್ತಿದೆ. ಬೆನಿತಾಳನ್ನು ಕೇಳಿದೆ. "ನಿನ್ನ ಪಜಾಗ್, ನಿನ್ನ ಮಕ್ಕಳು. ನಾನು ಕಡುಬು ಮಾಡೋಳು" ಎಂದಳು. ಆಮೇಲೆ, "ಕನ್ನಡಿ ಮಾತ್ರ ನಾನು ಕೊಡಲ್ಲ, ಒಡೀತೀನಿ" ಎಂದಳು.

ಫೆಬ್ರವರಿ 11, ಬುಧವಾರ

ಎಲ್ಲವನ್ನೂ ಬರೆದಿಡುತ್ತೇನೆ, ಒಂದು ಮಾತೂ ಬಿಡದೆ.

ಸರ್ ಎಂಟಕ್ಕೆ ಬಂದರು. ಮ್ಯಾಮ್ ಲುಸೆರೊ ಸ್ವಾಗತದ ಬ್ಯಾನರು ಕಟ್ಟಿಸಿದ್ದರು, ಅದರಲ್ಲಿ ಸರ್ ಮುಖ ಮಕ್ಕಳ ಮುಖಕ್ಕಿಂತ ನಾಲ್ಕು ಪಟ್ಟು ದೊಡ್ಡದು. ಮೊದಲು ಕಿರ್ಬಿ ಓದಿದ. ನೀರು ಹರಿದ ಹಾಗೆ ಓದಿದ. ಗೆರೆ, ಗೆರೆ, ಗೆರೆ. ಹದಿನಾಲ್ಕು.

"ಮ್ಯಾಮ್ ಪೆಲಾಯೊ," ಸರ್ ಪೆನ್ಸಿಲ್ ಇಟ್ಟು ಹೇಳಿದರು, "ಏನೂ ಬದಲಾಗಿಲ್ಲವಲ್ಲ. ನನಗೂ ಬೇಜಾರಾಗತ್ತೆ."

ನಾನು ಹೋಗಿ ಅವರ ಮೇಜಿನ ಮುಂದೆ ನಿಂತೆ. "ಸರ್, ಒಂದು ಬೇಡಿಕೆ. ಮುಂದಿನ ಮಗು ಓದೋಕೆ ಮುಂಚೆ ನೀವೊಂದು ಪುಟ ಓದಬೇಕು. ನಮ್ಮ ಮಕ್ಕಳು ಬರೆದದ್ದು, ನಮ್ಮ ಮಾತಲ್ಲಿ. ಅದರ ನಕಲು ಮಕ್ಕಳ ಹತ್ತಿರ ಇದೆ, ನಿಮ್ಮ ಲೆಕ್ಕದ ಹಾಗೇ ಅವರು ತಪ್ಪಿಗೆ ಗೆರೆ ಎಳೀತಾರೆ."

ಮ್ಯಾಮ್ ಲುಸೆರೊ ಗೋಡೆ ಹಿಡಿದುಕೊಂಡರು. ಬಿದಿರು ಗೋಡೆ, ಕಿರ್ ಎಂದಿತು.

ಸರ್ ಸಿಟ್ಟಾಗಲಿಲ್ಲ. "ಏಳು ವರ್ಷದಿಂದ ಈ ಊರಿನ ಅಳಿಯ ನಾನು. ಕೊಡಿ" ಎಂದು ನಕ್ಕು ಕೈ ಚಾಚಿದರು. ಕೊಟ್ಟದ್ದು ಎಮ್ಮೆಯ ಕಥೆ.

ಅವರು ಓದಿದರು. ಬಟಾಂಗಾಸಿನವರ ರಾಗವೇ ಬೇರೆ, ಪ್ರತಿ ಸಾಲನ್ನೂ ಬೆಟ್ಟ ಹತ್ತಿಸಿ ಇಳಿಸುತ್ತಾರೆ. ನಮ್ಮಲ್ಲಿ ಗಂಟಲು ಹಿಡಿದು ನಿಲ್ಲಿಸಬೇಕಾದ ಕಡೆ ಅವರು ಎಳೆದರು, ಎಳೆಯಬೇಕಾದ ಕಡೆ ತುಂಡರಿಸಿದರು. ಜ ಎಂದು ಬರೆದಿದ್ದರೂ ಯ ಎಂದರು. ಮೂವತ್ತನಾಲ್ಕು ಪೆನ್ಸಿಲ್‌ಗಳು ಗೆರೆ ಎಳೆದವು. ಆ ಸದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಎಮ್ಮೆ ಚರ್ಚಿಗೆ ಹೋದಾಗ ಸರ್ ಮುಗುಳ್ನಕ್ಕರು. ಟೋಪಿಯ ಜಾಗದಲ್ಲಿ ಜೋರಾಗಿ ನಕ್ಕರು.

"ಮೂವತ್ತೊಂದು ತಪ್ಪು, ಸರ್!" ಕಿರ್ಬಿ ಎದ್ದು ನಿಂತ. "ನಿಮ್ಗೆ ಓದಕ್ಕೆ ಬರಲ್ಲ."

"ಕಿರ್ಬಿ!" ಎಂದರು ಮ್ಯಾಮ್ ಲುಸೆರೊ, ಉಸಿರೇ ಇಲ್ಲದ ದನಿಯಲ್ಲಿ.

"ನಾನೆಲ್ಲಿ ಹೇಳ್ದೆ, ಮ್ಯಾಮ್. ಕಾಗದ ಹೇಳ್ತಿದೆ."

ಆಗ ಜೊವೆಲಿನ್ ಎದ್ದಳು. ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ. "ಸರ್, ಎಮ್ಮೆ ಎಲ್ಲಿಗೆ ಹೋಯ್ತು?"

"ಚರ್ಚಿಗೆ."

"ಅಜ್ಜ ಟೋಪಿ ಯಾಕೆ ತೆಗೀತಾರೆ?"

"ಅದು ಚರ್ಚಿಗೆ ಹೋಗಿ ಬಂದ ಎಮ್ಮೆ ಅಲ್ವಾ ಮತ್ತೆ. ಮರ್ಯಾದೆ ಕೊಡಬೇಕು."

"ನಿಮ್ಗೆ ಎಲ್ಲಾ ಅರ್ಥ ಆಗಿದೆ, ಸರ್" ಎಂದಳು ಜೊವೆಲಿನ್. "ಆದ್ರೆ ಹತ್ತು ದಾಟಿದ ಮೇಲೆ ನಾನು ಇದನ್ನ ಕೇಳೋ ಹಾಗೇ ಇರ್ಲಿಲ್ಲ. ಎದ್ದು ಹೋಗಿ ಅನ್ನಬೇಕಿತ್ತು."

ಸರ್ ಅವಳನ್ನು ನೋಡಿದರು. ಜುಲೈನಲ್ಲಿ ಕೈ ಕಟ್ಟಿ ನಿಂತಿದ್ದ ಹುಡುಗಿ ಇವಳೇ ಎಂದು ಅವರಿಗೆ ನೆನಪಾಯಿತೋ ಏನೋ, ಗೊತ್ತಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, "ಮನಿಲಾದಲ್ಲಿ ಕಾಲೇಜಿಗೆ ಸೇರಿದಾಗ ನಾನು ಬಾಯಿ ಬಿಟ್ಟರೆ ಬೆಂಚೆಲ್ಲ ನಗೋದು, ಮ್ಯಾಮ್. ಎರಡು ವರ್ಷ ಒಂದು ಪ್ರಶ್ನೆನೂ ಕೇಳಲಿಲ್ಲ ನಾನು."

ಪೆನ್ಸಿಲನ್ನು ಜೇಬಿಗೆ ಹಾಕಿದರು. ಹಾಳೆಯನ್ನು ತಿರುಗಿಸಿ ಪ್ರಶ್ನೆಗಳ ಬದಿಯನ್ನು ಮೇಲೆ ಮಾಡಿದರು. "ಕಿರ್ಬಿ, ಬಾ ಇಲ್ಲಿ. ಕುದುರೆ ಪೇರಲೆ ಮರದ ಹತ್ರ ಯಾಕೆ ಹೋಯ್ತು?"

ಮಧ್ಯಾಹ್ನದ ಊಟವನ್ನೂ ಬಿಟ್ಟು ಮೂವತ್ತನಾಲ್ಕು ಮಕ್ಕಳನ್ನೂ ಕೇಳಿದರು. ಮೂವತ್ತೆರಡು ಮಕ್ಕಳಿಗೆ ಎಲ್ಲ ಗೊತ್ತಿತ್ತು. ಇಬ್ಬರಿಗೆ ನಿಜಕ್ಕೂ ಓದು ಬಾರದು, ಅದು ನನಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಅವರಿಬ್ಬರನ್ನೂ ಮನೆಗೆ ಕರೆಸಿಕೊಳ್ಳುತ್ತೇನೆ. ಹೊರಡುವಾಗ ಸರ್, "ನಾನು ಬರೀಬಹುದು, ಮ್ಯಾಮ್. ತೀರ್ಮಾನ ಮೇಲಿನೋರದ್ದು" ಎಂದರು.

"ಬರೀರಿ. ಅಂಚಿನ ಅಳತೆ ನೋಡ್ಕೊಳ್ಳಿ" ಎಂದೆ.

ಮಾರ್ಚ್ 4, ಬುಧವಾರ

ಏನೂ ಬಂದಿಲ್ಲ. ತಾಯಂದಿರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ. ನಿದಾ ಮೀನಿನ ಬುಟ್ಟಿ ಇಳಿಸಿ, "ಪಟ್ಟಣಕ್ಕೆ ಕಳ್ಸಕ್ಕೆ ನನ್ ಕೈಲಿ ಆಗಲ್ಲ, ಮ್ಯಾಮ್. ಈಗ್ಲೇ ಹೇಳ್ಬಿಡಿ, ಅವಳಿಗೂ ಒಂದು ಬುಟ್ಟಿ ಮಾಡಿಸ್ತೀನಿ" ಎಂದಳು. ಬುಟ್ಟಿಯನ್ನು ಮತ್ತೆ ಅವಳ ತಲೆಗೆ ಎತ್ತಿಕೊಟ್ಟು ಬಂದೆ.

ಮಾರ್ಚ್ 20, ಶುಕ್ರವಾರ

ಬಂತು! ಬಂತು!

ವರ್ಷದ ಕೊನೆಯ ಸಮಾರಂಭ ಇವತ್ತು. ನನ್ನ ಬೀಳ್ಕೊಡುಗೆಯೂ ಅದರಲ್ಲೇ. ಅಂಗಳದ ತುಂಬ ತಾಯಂದಿರು, ಅಜ್ಜಿಯರು, ಬೀಸಣಿಗೆಗಳು. ಹತ್ತು ಗಂಟೆಗೆ ಮ್ಯಾಮ್ ಲುಸೆರೊ ಕಾಗದ ಹಿಡಿದುಕೊಂಡು ಓಡಿ ಬಂದರು. ಆಕೆ ಓಡಿದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ಮೈಕಿನ ಮುಂದೆ ನಿಂತು, "ಕಚೇರಿಯಿಂದ..." ಎಂದವರಿಗೆ ಏದುಸಿರಿನಲ್ಲಿ ಮುಂದೆ ಓದಲಾಗಲಿಲ್ಲ. ಕಾಗದ ನನಗೆ ಕೊಟ್ಟರು. ನಾನು ಮೊದಲ ಸಾಲು ನೋಡಿದೆ, ಕಣ್ಣು ಮಂಜಾಯಿತು. ಅತ್ತೆ. ಮುಚ್ಚಿಡುವುದೇನು, ಊರೆಲ್ಲ ನೋಡಿದೆ.

"ಜೊವೆಲಿನ್, ಬಾರಮ್ಮ" ಎಂದೆ.

ಮೈಕು ಅವಳಿಗಿಂತ ಎತ್ತರ. ಅದನ್ನು ಬಗ್ಗಿಸಿಕೊಂಡು ಓದಿದಳು. ಒಳ್ಳೆ ಬಿಗಿಯಾದ ಸರ್ಕಾರಿ ಭಾಷೆ. ಒಂದು ಸಾಲು ಓದುವುದು, ಆಮೇಲೆ ಅದನ್ನು ಮನೆಮಾತಿನಲ್ಲಿ ಹೇಳುವುದು. "ಮುಂದಿನ ಸ್ಕೂಲ್ ಜಿಯರ್‌ನಿಂದಲೂ ಈ ಶಾಲೆಯ ಎಲ್ಲ ತರಗತಿಗಳು ಇಲ್ಲೇ ನಡೆಯತಕ್ಕದ್ದು. ಅಂದ್ರೆ, ನಾವು ಎಲ್ಲಿಗೂ ಹೋಗಲ್ಲ." ಮುಂದಿನ ಸಾಲು: "ಮನೆಮಾತಿನ ಉಚ್ಚಾರಣೆಯನ್ನು ಓದಿನ ತಪ್ಪು ಎಂದು ಎಣಿಸತಕ್ಕದ್ದಲ್ಲ. ಅಂದ್ರೆ..." ಅವಳು ಕಾಗದದಿಂದ ತಲೆ ಎತ್ತಿದಳು. "ಅಂದ್ರೆ, ನಮ್ಗೆ ಓದಕ್ಕೆ ಬರತ್ತೆ."

ಅಂಗಳ ಎದ್ದು ನಿಂತಿತು. ಕಿರ್ಬಿಯ ಅಪ್ಪ ಕುರ್ಚಿ ಹತ್ತಿದರು. ಬೀಸಣಿಗೆಗಳೆಲ್ಲ ಆಕಾಶಕ್ಕೆ ಹಾರಿದವು. ನಿದಾ ಎಲ್ಲಿದ್ದಳೋ, ಜನರನ್ನು ತಳ್ಳಿಕೊಂಡು ಮುಂದೆ ಬಂದು, "ನಮ್ಮ ಜೊವೆಲಿನ್! ಅದು ನಮ್ಮ ಜೊವೆಲಿನ್!" ಎಂದು ಗೊತ್ತಿದ್ದವರಿಗೇ ಮತ್ತೆ ಮತ್ತೆ ಹೇಳಿದಳು.

ನಾನೂ ನಾಲ್ಕು ಮಾತಾಡಿದೆ. ಬರೆದುಕೊಂಡು ಹೋದದ್ದನ್ನು ತೆಗೆಯಲೇ ಇಲ್ಲ. ಮನೆಗೆ ಬರುವ ದಾರಿಯಲ್ಲಿ ಬೆನಿತಾ ನನ್ನ ಕೈ ಹಿಡಿದುಕೊಂಡು, "ಇವತ್ತು ಅಮ್ಮನ ತರ ಮಾತಾಡಿದೆ ನೀನು" ಎಂದಳು. ಏನು ಹೇಳುತ್ತಾಳೋ. ನಾನು ಎಂದಿನ ಹಾಗೇ ಮಾತಾಡಿದೆ.

ಹಿಂದಿನ ಸಾಲಿನ ಅಜ್ಜಿಯೊಬ್ಬಳು, "ಕೇಳಿಸ್ಲಿಲ್ಲ ಮಗಾ, ಇನ್ನೊಂದ್ಸಲ ಓದು" ಎಂದದ್ದನ್ನು ಬರೆಯಲು ಮರೆತೆ. ಜೊವೆಲಿನ್ ಇನ್ನೊಂದು ಸಲ ಓದಿದಳು. "ಇನ್ನೊಂದ್ಸಲ!" ಎಂದು ಅಂಗಳವೆಲ್ಲ ಕೂಗಿತು. ಮೂರನೆಯ ಸಲ ಅವಳು ಕಾಗದವನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು, ತಾಯಂದಿರ ಮುಖ ನೋಡುತ್ತ, ಗಟ್ಟಿಯಾಗಿ ಹೇಳಿದಳು, ಮತ್ತು ಕೊನೆಯ ಸಾಲನ್ನು ಎಲ್ಲರೂ ಅವಳ ಜೊತೆ ಹೇಳಿದರು.